ಪಟ್ಟಿ ಬಾಗಿಲಿನ ಒಳಮೈ

"ಕಂಬಳಿ ಹೊದಿಸಿ," ಎಂದಳು ಇನ್ಸ್‌ಪೆಕ್ಟರಮ್ಮ, ಮುಚ್ಚಿದ ಬಾಗಿಲಿನ ಒಳಗಿನಿಂದ.

"ಇನ್ನೊಂದ್ಸಲ ಯೋಚನೆ ಮಾಡಿ ಮೇಡಂ," ಎಂದ ದಫೇದಾರ ಹೊರಗಿನಿಂದ. "ನಾನು ನಿವೃತ್ತಿ ಹತ್ರ ಇರೋ ಮನುಷ್ಯ. ಕೊನೆಗಾಲದಲ್ಲಿ ನಿಮ್ಮ ಹೆಣ ಹೊರೋ ಕೆಲಸ ನನ್ನ ತಲೆಗೆ ಕಟ್ಬೇಡಿ."

"ಹೊದಿಸಿ ಅಂದೆನಲ್ಲ."

ಕಂಬಳಿ ಬಿತ್ತು. ಬಾಗಿಲಿನ ಅಡ್ಡಪಟ್ಟಿಗಳ ಸಂದಿನಿಂದ ಬರುತ್ತಿದ್ದ ಬೆಳಕು ಮೇಲಿನಿಂದ ಕೆಳಗೆ ಗೆರೆಗೆರೆಯಾಗಿ ಆರಿಹೋಯಿತು. ಇನ್ನು ಉಳಿದದ್ದು ಫರ್ನೇಸಿನ ಹೊಟ್ಟೆಯಲ್ಲಿ ಉರಿಯುತ್ತಿದ್ದ ನೀಲಿ ಬೆಂಕಿ, ಅವಳ ಕೈಯಲ್ಲಿದ್ದ ಟಾರ್ಚು, ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಂಡಿದ್ದ ವಿಷಗಾಳಿ ಅಳೆಯುವ ಪುಟ್ಟ ಮೀಟರು.

ಅದನ್ನು ಕೋಣೆ ಎನ್ನುವುದು ಉಪಚಾರದ ಮಾತು. ಕಪಾಟಿಗಿಂತ ಒಂದು ಮೊಳ ದೊಡ್ಡದು, ಅಷ್ಟೆ. ಕಿಟಕಿ ಇಲ್ಲ, ಗೋಡೆಯಲ್ಲಿ ತೂತಿಲ್ಲ. ಫರ್ನೇಸ್ ಉರಿಯಲು ಬೇಕಾದ ಗಾಳಿಯೆಲ್ಲ ಈ ಪಟ್ಟಿ ಬಾಗಿಲಿನ ಸಂದುಗಳಿಂದಲೇ ಒಳಗೆ ಬರಬೇಕು. ಮುಂದಿನ ಲಾಂಡ್ರಿ, ಹಿಂದಿನ ಮಲಗುವ ಕೋಣೆ, ಎರಡನ್ನೂ ಚಳಿಗಾಲದಲ್ಲಿ ಬೆಚ್ಚಗಿಡುತ್ತಿದ್ದುದು ಈ ಗ್ಯಾಸಿನ ಯಂತ್ರ. ಲಾಂಡ್ರಿ ಯಜಮಾನರನ್ನು ಹಾಸಿಗೆಯಲ್ಲೇ ಹೆಣ ಮಾಡಿದ್ದೂ ಇದೇ ಯಂತ್ರ. ಹಿಂದಿನ ದಿನ ಅದನ್ನು ರಿಪೇರಿ ಮಾಡಿಹೋದ ಮೆಕ್ಯಾನಿಕ್ ಈಗ ಲಾಕಪ್ಪಿನಲ್ಲಿದ್ದರು, ಮತ್ತು ಆ ಮೆಕ್ಯಾನಿಕ್ ಬೇರೆ ಯಾರೂ ಅಲ್ಲ, ಇನ್ಸ್‌ಪೆಕ್ಟರಮ್ಮನ ಒಡಹುಟ್ಟಿದ ಅಕ್ಕನ ಗಂಡ.

ಅವಳು ಬೆಂಕಿಕಡ್ಡಿ ಗೀರಿ, ಊದಿ ಆರಿಸಿ, ಅದರ ಹೊಗೆಯನ್ನು ಹೊಗೆಕೊಳವೆಯ ಬಾಯಿಗೆ ಹಿಡಿದಳು. ಹೊಗೆ ಸರ್ರನೆ ಮೇಲಕ್ಕೆ ಹೋಯಿತು. ಒಳ್ಳೆಯ ಲಕ್ಷಣ. ಒಳಗೆ ಉರಿದದ್ದೆಲ್ಲ ಹೀಗೇ ಕೊಳವೆ ಹತ್ತಿ ಮಾಡಿನ ಮೇಲೆ ಹೋಗಬೇಕು.

ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಕಡ್ಡಿ ಗೀರಿದಳು. ಈಗ ಹೊಗೆ ಕೊಳವೆಯ ಬಾಯಿಯವರೆಗೆ ಹೋಗಿ ಅಲ್ಲೇ ತಡವರಿಸಿತು. ಮೂರನೆಯ ಕಡ್ಡಿಯ ಹೊಗೆ ಒಳಗೆ ಹೋಗಲೇ ಇಲ್ಲ. ತಿರುಗಿ ಬಂದು ಅವಳ ಮುಖಕ್ಕೇ ಬಡಿಯಿತು.

ಬೆಂಕಿಯನ್ನು ನೋಡಿದಳು. ನೀಲಿ ನಾಲಗೆಗಳ ತುದಿ ಹಳದಿಯಾಗಿತ್ತು. ಅವು ನೆಟ್ಟಗೆ ನಿಲ್ಲದೆ ಸೋಮಾರಿಯಾಗಿ ಆಚೀಚೆ ತೊನೆಯುತ್ತಿದ್ದವು.

ಮೀಟರು ಕಿರುಚಿಕೊಂಡಿತು.

"ತೆಗೀರಿ!" ಎಂದು ಬಾಗಿಲು ತಳ್ಳಿದಳು. ಬಾಗಿಲು ಜಗ್ಗಲಿಲ್ಲ. ಭುಜ ಕೊಟ್ಟು ನೂಕಿದಳು. ಕಣತಲೆಯಲ್ಲಿ ಸುತ್ತಿಗೆ ಬಡಿದ ಹಾಗಾಯಿತು. ನಿಜ ಹೇಳಬೇಕೆಂದರೆ, ಆ ಕ್ಷಣ ಅವಳಿಗೆ ತುಂಬಾ ಭಯವಾಯಿತು.

"ದಫೇದಾರ್ರೇ!"

ಧಡಕ್ಕನೆ ಬಾಗಿಲು ತೆರೆಯಿತು. ಕಂಬಳಿ ಜಾರದಿರಲೆಂದು ಆ ಪುಣ್ಯಾತ್ಮ ಬಾಗಿಲಿಗೇ ಬೆನ್ನು ಕೊಟ್ಟು ನಿಂತಿದ್ದ.

"ಹೊದಿಸು ಅಂದ್ರಿ, ಹೊದಿಸಿದೆ. ಒರಗಬೇಡ ಅಂತ ಹೇಳಿದ್ರಾ?" ಎಂದ. ಆದರೆ ಅವನ ಮುಖ ಬಿಳಚಿಕೊಂಡಿತ್ತು. ಅವಳನ್ನು ಕೈಹಿಡಿದು ಕಿಟಕಿಯ ಬಳಿ ಕೂರಿಸಿ, ನೀರು ಕೊಟ್ಟು, ಓಡಿಹೋಗಿ ಗ್ಯಾಸಿನ ಕೀಲಿ ತಿರುಗಿಸಿ ಬಂದ.

ಊರಿಗೆಲ್ಲ ಅವಳು 'ಮೂಗಿನ ಮೇಡಂ'. ಕಳ್ಳ ಬಿಟ್ಟುಹೋದ ಅಂಗಿಯ ವಾಸನೆ ಹಿಡಿದು ಕಳ್ಳನ ಕಸುಬು ಹೇಳುವವಳು ಎಂಬ ಹೆಸರು. ಈ ಸಲ ಮಾತ್ರ ಆ ಮೂಗು ಮೂರು ಕಾಸಿಗೂ ಬರಲಿಲ್ಲ. ಗಾಳಿ ಸಾಲದೆ ಅರೆಬೆಂದ ಬೆಂಕಿ ಬಿಡುವ ಆ ವಿಷಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಅದೇ ಕೋಣೆಯಿಂದ ಬೆಚ್ಚನೆಯ ಗಾಳಿ ಹೊತ್ತೊಯ್ಯುವ ತಗಡಿನ ಕೊಳವೆ, ಆ ರಾತ್ರಿ ವಿಷವನ್ನೂ ಹೊತ್ತೊಯ್ದು ಯಜಮಾನರ ಹಾಸಿಗೆಯ ಪಕ್ಕದಲ್ಲೇ ಸುರಿದಿತ್ತು.

"ಇಷ್ಟೆಲ್ಲ ಸರ್ಕಸ್ ಯಾಕೆ ಮೇಡಂ?"

ಹಜಾರದ ಆ ತುದಿಯಲ್ಲಿ ಯಜಮಾನರ ತಮ್ಮ ನಿಂತಿದ್ದ. ಲಾಂಡ್ರಿಯ ವ್ಯಾನು ಓಡಿಸುವವನು, ಪಕ್ಕದ ಬೀದಿಯಲ್ಲಿ ಅವನ ಮನೆ. ಯಾವಾಗ ಬಂದನೋ, ಎಷ್ಟು ಹೊತ್ತಿನಿಂದ ನೋಡುತ್ತಿದ್ದನೋ, ಯಾರೂ ಗಮನಿಸಿರಲಿಲ್ಲ.

"ಮೆಕ್ಯಾನಿಕ್ ಕೆಲಸ ಕೆಡಿಸಿದ, ನಮ್ಮಣ್ಣ ಹೋದ. ಇದರಲ್ಲಿ ಇನ್ನೇನಿದೆ? ನಾಳೆ ಗುಜರಿಯವನಿಗೆ ಬರೋಕೆ ಹೇಳಿದೀನಿ. ಈ ಶನಿ ತೊಲಗಿದ್ರೆ ಸಾಕು."

"ಈ ಶನಿ ಸಾಕ್ಷಿ," ಎಂದಳು ಇನ್ಸ್‌ಪೆಕ್ಟರಮ್ಮ, ಎದ್ದು ನಿಲ್ಲುತ್ತಾ. "ಗುಜರಿಯವನು ಮುಟ್ಟಿದ್ರೆ ಅವನನ್ನೂ ಕರ್ಕೊಂಡು ಹೋಗ್ತೀನಿ, ಕರೆಸಿದವರನ್ನೂ ಕರ್ಕೊಂಡು ಹೋಗ್ತೀನಿ. ಆ ದಿನ ಸಾಯಂಕಾಲ ಅಣ್ಣನ ಜೊತೆ ಊಟ ಮಾಡಿದ್ರಿ, ಅಲ್ವಾ?"

"ಮಾಡಿದೆ. ತಪ್ಪಾ?"

"ಹಾವು ಮುಂಗುಸಿ ತರ ಇದ್ದೋರು ಒಂದೇ ತಟ್ಟೇಲಿ ಉಣ್ಣೋಕೆ ಕೂತ್ರೆ ಯಾರಿಗಾದ್ರೂ ಆಶ್ಚರ್ಯ ಆಗುತ್ತೆ. ನೀವು ಹೋಗೋವಾಗ ಈ ಕೋಣೆಗೆ ಯಾವ ಬಾಗಿಲಿತ್ತು?"

"ಯಾವ ಬಾಗಿಲು ಅಂದ್ರೆ?"

"ಈ ಬಾಗಿಲೇ ಇತ್ತಾ ಅಂತ."

ಅವನು ಪಟ್ಟಿ ಬಾಗಿಲನ್ನು ನೋಡಿದ. ಆಮೇಲೆ ದಫೇದಾರನನ್ನು ನೋಡಿದ. ಅವಳನ್ನು ಮಾತ್ರ ನೋಡಲಿಲ್ಲ.

"ನನ್ನ ಕೈಯಿಂದ ಬಾಗಿಲುಗೀಗಿಲು ಮುಟ್ಟಿಲ್ಲ ನಾನು," ಎಂದ. "ವ್ಯಾನಲ್ಲಿ ಬಟ್ಟೆ ಇದೆ. ಗಿರಾಕಿಗಳಿಗೆ ಕೊಡ್ಬೇಕು, ಬರ್ತೀನಿ."

ಅವನು ಹೋದ ಮೇಲೆ ದಫೇದಾರ ಗಲ್ಲ ಕೆರೆದುಕೊಂಡ. "ಮುಟ್ಟಿದೀಯಾ ಅಂತ ನೀವು ಕೇಳ್ಲೇ ಇಲ್ವಲ್ಲ ಮೇಡಂ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ. ಆದ್ರೆ ಬಾಗಿಲಲ್ಲಿ ಏನಿದೆ ಅಂತ ನನಗೂ ಗೊತ್ತಾಗ್ಲಿಲ್ಲ."

"ಬನ್ನಿ ಇಲ್ಲಿ. ಒಳಗಿನ ಗೋಡೆ ನೋಡಿ."

ಟಾರ್ಚಿನ ಬೆಳಕಿನಲ್ಲಿ ಗೋಡೆ ಕಾಣಿಸಿತು. ತೆಳ್ಳನೆಯ ಕಪ್ಪು ಮಸಿ ಮಾಡಿನಿಂದ ಇಳಿದು ಬಾಗಿಲಿನ ಚೌಕಟ್ಟಿನವರೆಗೂ ಹಬ್ಬಿತ್ತು. ಪ್ರಯೋಗಕ್ಕೆ ಮುಂಚೆಯೇ ಅವಳು ಎಲ್ಲದರ ಫೋಟೋ ತೆಗೆಸಿಟ್ಟಿದ್ದಳು. ರಿಪೇರಿಯ ದಿನ ಭಾವ ಗೋಡೆ, ಕೊಳವೆ ಎಲ್ಲವನ್ನೂ ಒರೆಸಿಹೋಗಿದ್ದರು. ಆದ್ದರಿಂದ ಈ ಮಸಿ ಸಾವಿನ ರಾತ್ರಿಯದೇ.

"ಈಗ ಬಾಗಿಲಿನ ಒಳಮೈ ನೋಡಿ. ಇದನ್ನ ಯಾರೂ ಒರೆಸಿಲ್ಲ. ಪಟ್ಟಿಗಳ ಮೇಲೆ ವರ್ಷಗಟ್ಟಲೆಯ ಧೂಳಿದೆ."

ದಫೇದಾರ ಕನ್ನಡಕ ಹಣೆಗೇರಿಸಿ ನೋಡಿದ. ಬಟ್ಟೆಗಳಿಂದ ಉದುರಿದ ನಾರು ಪಟ್ಟಿಗಳ ಮೇಲೆ ಹತ್ತಿಯಂತೆ ಕೂತಿತ್ತು. ಎಷ್ಟು ಬೆಳ್ಳಗಿತ್ತೆಂದರೆ, ಈಗ ತಾನೆ ಬಿದ್ದ ಹಾಗಿತ್ತು.

"ಮಸಿ ಇಲ್ಲ," ಎಂದ ಮೆಲ್ಲಗೆ.

"ಗೋಡೆಗೆಲ್ಲ ಮಸಿ ಹಿಡಿದ ರಾತ್ರಿ ಈ ಬಾಗಿಲು ಈ ಚೌಕಟ್ಟಲ್ಲಿ ಇರ್ಲೇ ಇಲ್ಲ. ಇದ್ದದ್ದು ಇನ್ನೊಂದು. ಸಂದು ಇಲ್ಲದ್ದು, ಗಾಳಿ ಬಿಡದ್ದು. ಈ ಕೀಲು ನೋಡಿ, ಬಾಗಿಲನ್ನ ಎತ್ತಿದ್ರೆ ಕಳಚಿ ಬರುತ್ತೆ. ಸ್ಕ್ರೂ ಬಿಚ್ಚೋ ಕಷ್ಟವೂ ಇಲ್ಲ. ಯಾರೋ ಇದನ್ನ ತೆಗೆದು ಅದನ್ನ ಹಾಕಿದ್ರು. ಪ್ರಾಣ ಹೋದ ಮೇಲೆ ಅದನ್ನ ತೆಗೆದು ಇದನ್ನ ಹಾಕಿದ್ರು."

"ಹಾಗಾದ್ರೆ ನಿಮ್ಮ ಭಾವ..."

"ಗ್ಯಾಸ್ ಪರೀಕ್ಷಕರು ಹಚ್ಚಿ ನೋಡ್ದಾಗ ಫರ್ನೇಸ್ ಚೆನ್ನಾಗೇ ಉರೀತು. ಆಗಾಗ ಕೈಕೊಡೋ ದೋಷ ಇರ್ಬೇಕು, ಮೆಕ್ಯಾನಿಕ್ ಕಂಡುಹಿಡೀಲಿಲ್ಲ ಅಂತ ಬರೆದ್ರು. ದೋಷ ಯಂತ್ರದಲ್ಲಿಲ್ಲ ದಫೇದಾರ್ರೇ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದಿದೀವಿ."

ಭಾವನನ್ನು ಲಾಕಪ್ಪಿಗೆ ಹಾಕಿದ್ದು ಅವಳೇ. ಅಂದಿನಿಂದ ಅಕ್ಕ ಅವಳ ಹತ್ತಿರ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಿದ್ದಳು. ಸಂಬಂಧಿಕರ ಕೇಸು ಅವಳ ಕೈಯಲ್ಲಿರುವುದು ಸರಿಯಲ್ಲವೆಂದು ಸಾಹೇಬರು ಬೇರೆ ಅಧಿಕಾರಿಯನ್ನು ಕರೆಸಿದ್ದರು. ನಾಳೆ ಬೆಳಿಗ್ಗೆ ಅವರು ಬಂದರೆ ಕಾಗದಪತ್ರ ಅವರಿಗೆ, ಭಾವ ಕೋರ್ಟಿಗೆ. ಇವತ್ತಿನ ದಿನ ಮಾತ್ರ ಅವಳದು.

*

ಲಾಕಪ್ಪಿನ ಬೆಂಚು ಭಾವನ ಮೈಗೆ ಸಾಲದು. ದೊಡ್ಡ ಆಳು, ಅದಕ್ಕಿಂತ ದೊಡ್ಡ ಹೊಟ್ಟೆ. ಗೋಡೆಗೆ ಒರಗಿ, ಕಾಲು ನೀಡಿ ಕೂತಿದ್ದವರು ನಾದಿನಿಯನ್ನು ಕಂಡು ಎದ್ದು ನಿಲ್ಲಲು ನೋಡಿದರು.

"ಕೂತ್ಕೊಳ್ಳಿ ಭಾವ. ಒಂದು ವಿಷಯ ಹೇಳಿ. ಆ ಕೋಣೆಗೆ ಮುಂಚೆ ಬೇರೆ ಬಾಗಿಲಿತ್ತಾ?"

"ಇತ್ತು. ಗಟ್ಟಿ ಹಲಗೆ ಬಾಗಿಲು. ನಾನೇ ಯಜಮಾನರ ಹತ್ರ ಜಗಳ ಆಡಿ ತೆಗೆಸಿದ್ದು." ಕೆಲಸದ ಮಾತು ಬಂದಕೂಡಲೇ ಅವರ ಮುಖಕ್ಕೆ ಸ್ವಲ್ಪ ಕಳೆ ಬಂತು. "ಬೆಂಕಿಗೂ ಉಸಿರಾಟ ಇದೆ ಪುಟ್ಟಿ. ಮೇಲೊಂದು ದಾರಿ ಬೇಕು, ಕೆಳಗೊಂದು ದಾರಿ ಬೇಕು. ಇಲ್ದಿದ್ರೆ ತಾನು ಬಿಟ್ಟ ಉಸಿರನ್ನ ತಾನೇ ಕುಡಿದು ವಿಷ ಕಾರುತ್ತೆ. ಜೊತೆಗೆ ಲಾಂಡ್ರಿಲಿ ಬಟ್ಟೆ ಒಣಗಿಸೋ ದೊಡ್ಡ ಫ್ಯಾನ್ ಬೇರೆ, ಮನೆ ಗಾಳಿನೆಲ್ಲ ಎಳೆದು ಹೊರಗೆ ಹಾಕುತ್ತೆ. ಅದಕ್ಕೇ ಪಟ್ಟಿ ಬಾಗಿಲು ಹಾಕಿಸಿದ್ದೆ."

"ರಿಪೇರಿ ಮುಗಿಸಿ ಪರೀಕ್ಷೆ ಮಾಡಿದಾಗ ಬಾಗಿಲು ಹಾಕಿದ್ರಾ?"

ಭಾವ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡರು. "ಇದನ್ನಿಟ್ಕೊಂಡು ಆ ಗೂಡಲ್ಲಿ ನಿಂತು ಬಾಗಿಲು ಹಾಕೋಕಾಗುತ್ತಾ? ತೆಗೆದೇ ನೋಡಿದ್ದು. ಮುಚ್ಚಿ ನೋಡು, ಮುಚ್ಚಿದ ಮೇಲೇ ಬೆಂಕಿ ನಿಜ ಹೇಳೋದು ಅಂತ ನನಗೆ ಕೆಲಸ ಕಲಿಸಿದವರು ಬಡ್ಕೊಳ್ಳೋರು. ನನ್ನಂಥ ಮೆಕ್ಯಾನಿಕ್‌ಗಳೆಲ್ಲ ಮಾಡೋ ತಪ್ಪು ಇದು. ತೆಗೆದಿಟ್ಟು ನೋಡ್ತೀವಿ, ನೀಲಿ ಇದೆ ಅಂತೀವಿ, ಹೊರಡ್ತೀವಿ."

"ಆಗ ಇದ್ದದ್ದು ಪಟ್ಟಿ ಬಾಗಿಲೇ?"

"ಪಟ್ಟಿ ಬಾಗಿಲೇ. ಹೊರಡೋವಾಗ ನಾನೇ ಮುಚ್ಚಿದೆ."

"ಹಳೇ ಹಲಗೆ ಬಾಗಿಲು ಏನಾಯ್ತು?"

"ಯಜಮಾನ್ರು ಬಿಸಾಡೋ ಪೈಕಿನಾ? ಎಲ್ಲೋ ಒಂದ್ಕಡೆ ಉಪಯೋಗಕ್ಕೆ ಹಚ್ಚಿರ್ತಾರೆ. ನಿಮ್ಮಕ್ಕನ್ನ ಕೇಳು. ಅಲ್ಲಿ ಇಸ್ತ್ರಿ ಮಾಡೋಳು ಅವಳು, ಮೂಲೆಮೂಲೆ ಗೊತ್ತು."

ಅವಳು ಕಂಬಿಗೆ ಇನ್ನಷ್ಟು ಹತ್ತಿರ ಬಂದಳು. ಇದುವರೆಗೆ ಯಾರೂ ಕೇಳದ ಪ್ರಶ್ನೆಯೊಂದಿತ್ತು. ರಿಪೇರಿ ಕೆಟ್ಟಿತು ಎಂಬ ಆರೋಪಕ್ಕೆ ಅದು ಬೇಕಾಗಿಯೂ ಇರಲಿಲ್ಲ. ಬಾಗಿಲು ಬದಲಾಗಿದೆ ಎಂದ ಮೇಲೆ ಈಗ ಅದೇ ಮುಖ್ಯ.

"ಆ ರಾತ್ರಿ ಎಲ್ಲಿದ್ರಿ ಭಾವ?"

ಭಾವ ನೀಡಿದ್ದ ಕಾಲನ್ನು ಮಡಚಿಕೊಂಡರು.

"ಮನೇಲಿರ್ಲಿಲ್ಲ ಅಂತ ಅಕ್ಕ ಹೇಳಿದಾಳೆ. ಕೆಲಸಕ್ಕೆ ಹೋಗಿದ್ರು ಅಂದ್ಲು."

"ಅದೆಲ್ಲ ಈಗ ಯಾಕೆ?"

"ಯಾಕೆ ಅಂದ್ರೆ, ಆ ಹೊತ್ತಲ್ಲಿ ಯಾರೋ ಬಾಗಿಲು ಬದಲಾಯಿಸಿ ಒಬ್ಬ ಮನುಷ್ಯನ್ನ ಕೊಂದಿದಾರೆ. ನಾಳೆ ಬರೋ ಅಧಿಕಾರಿ ಮೊದಲು ಕೇಳೋದು ಇದನ್ನೇ. ನೀವು ಬಾಯಿ ಬಿಡ್ದಿದ್ರೆ ನಾನೂ ಕೈ ಬಿಡಬೇಕಾಗುತ್ತೆ."

ಅವರು ಬಾಗಿಲ ಬಳಿಯ ಪೊಲೀಸಿನವನ ಕಡೆ ನೋಡಿ, ದನಿ ತಗ್ಗಿಸಿದರು. "ಆಸ್ಪತ್ರೇಲಿದ್ದೆ."

"ಯಾರಿಗೆ ಏನಾಗಿತ್ತು?"

"ನನಗೇ. ಎದೆ ಹಿಡ್ಕೊಳ್ಳುತ್ತೆ. ಬಹಳ ದಿನ ಆಯ್ತು. ಲಾಂಡ್ರಿ ಕೆಲಸ ಮುಗಿಸಿ ಹೊರಟೋನು ಬೀದಿ ತಿರುವಲ್ಲೇ ಕೂತ್ಬಿಟ್ಟೆ. ಯಾರೋ ಕಾರಲ್ಲಿ ಕರ್ಕೊಂಡು ಹೋಗಿ ಸೇರಿಸಿದ್ರು. ಬೆಳಕು ಹರಿಯೋವರೆಗೂ ತಂತಿ ಅಂಟಿಸಿ ಮಲಗಿಸಿದ್ರು." ಅವರು ಮುಜುಗರದಿಂದ ನಕ್ಕರು. "ನಿಮ್ಮಕ್ಕನಿಗೆ ಫೋನ್ ಮಾಡಿ, ಲಾಂಡ್ರಿ ಕೆಲಸ ಇನ್ನೂ ಮುಗಿದಿಲ್ಲ, ರಾತ್ರಿಯೆಲ್ಲ ಆಗ್ಬಹುದು, ಕಾಯ್ಬೇಡ ಅಂದೆ. ಗೊತ್ತಾದ್ರೆ ಅವಳು ನಾಳೆಯಿಂದ ಸ್ಪ್ಯಾನರ್ ಮುಟ್ಟೋಕೂ ಬಿಡಲ್ಲ. ನೀನೂ ಹೇಳ್ಬೇಡ ಪುಟ್ಟಿ. ಆಣೆ ಹಾಕ್ತೀನಿ."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮನುಷ್ಯ ಲಾಕಪ್ಪಿನಲ್ಲಿ ಕೂತು ಹೆಂಡತಿಯ ಬೈಗುಳಕ್ಕೆ ಹೆದರುತ್ತಿದ್ದಾನೆ!

ಆಸ್ಪತ್ರೆಗೆ ಅವಳೇ ಫೋನು ಮಾಡಿದಳು. ಆ ರಾತ್ರಿ ಪಾಳಿಯಲ್ಲಿದ್ದ ನರ್ಸಮ್ಮನನ್ನು ಕರೆಸಿ ಕೊಟ್ಟರು. "ಆ ದಪ್ಪನೆಯವರಾ? ಗೊರಕೆ ಹೊಡೆದು ಇಡೀ ವಾರ್ಡನ್ನ ಎಬ್ಬಿಸಿದ್ರು ಮೇಡಂ. ಸಾಯಂಕಾಲ ಬಂದೋರು, ಬೆಳಿಗ್ಗೆ ಡಾಕ್ಟರು ನೋಡೋವರೆಗೂ ಮಂಚ ಬಿಟ್ಟಿಳಿದಿಲ್ಲ."

ಇನ್ಸ್‌ಪೆಕ್ಟರಮ್ಮ ಫೋನಿಟ್ಟಳು. ಎಷ್ಟೋ ದಿನದ ಮೇಲೆ ಎದೆ ಹಗುರವಾಯಿತು. ಭಾವ ಬಾಗಿಲು ಬದಲಿಸಿರಲಿಲ್ಲ. ಬದಲಿಸಲು ಸಾಧ್ಯವೇ ಇರಲಿಲ್ಲ. ಇನ್ನು ಆ ಹಲಗೆ ಬಾಗಿಲೊಂದು ಸಿಕ್ಕಿಬಿಟ್ಟರೆ, ಅದರ ಮೇಲಿನ ಮಸಿಯೇ ಅವರನ್ನು ಬಿಡಿಸುತ್ತದೆ. ಅದರ ಮೇಲಿನ ಬೆರಳಚ್ಚು ಕೊಂದವನನ್ನು ತೋರಿಸುತ್ತದೆ.

*

ಲಾಂಡ್ರಿ ಮುಚ್ಚಿದ್ದರೂ ಗಿರಾಕಿಗಳ ಬಟ್ಟೆ ಕೊಡಬೇಕಲ್ಲ. ಅಕ್ಕ ಒಬ್ಬಳೇ ಇಸ್ತ್ರಿ ಮೇಜಿನ ಮುಂದೆ ನಿಂತು ಅಂಗಿಗಳನ್ನು ಮಡಚುತ್ತಿದ್ದಳು. ಮುಖ ಸೊರಗಿತ್ತು. ಆ ಬೆಳಿಗ್ಗೆ ಬೀಗ ತೆಗೆದು, ಹೆಣ ಕಂಡು, ಕೂಗಿ ಬೀದಿಯನ್ನು ಕರೆದವಳು ಇವಳೇ. ಪೊಲೀಸರು ಬಂದಾಗ ಹೊರಗಿನ ಮೆಟ್ಟಿಲ ಮೇಲೆ ಕೂತು ವಾಂತಿ ಮಾಡಿಕೊಳ್ಳುತ್ತಿದ್ದಳು. ಹೆಣ ನೋಡಿ ಹೆದರಿದ್ದಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು.

"ಅಕ್ಕ, ಊಟ ಮಾಡ್ದೆಯಾ?"

"ಲಾಕಪ್ಪಲ್ಲಿ ಇರೋರಿಗೆ ಹಾಕಿದ್ರಾ ಅಂತ ಮೊದಲು ಹೇಳು."

"ಹಾಕಿದೀವಿ. ಇನ್ನೆರಡು ದಿನ ಅಷ್ಟೆ, ನಿನ್ನ ಕೈಯಡುಗೆನೇ ಉಣ್ತಾರೆ."

ಅಕ್ಕನ ಕೈ ನಿಂತಿತು. "ನಿಜವಾಗ್ಲೂ?"

"ನಿಜವಾಗ್ಲೂ. ಒಂದು ವಸ್ತು ಸಿಕ್ಬೇಕು. ಫರ್ನೇಸ್ ಕೋಣೆಗೆ ಹಿಂದೆ ಒಂದು ಹಲಗೆ ಬಾಗಿಲಿತ್ತಂತಲ್ಲ, ಅದು ಎಲ್ಲಿದೆ?"

"ಯಾವ ಬಾಗಿಲು?" ಅಕ್ಕ ಅಂಗಿಯ ತೋಳನ್ನು ಒಳಗೆ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. "ಆ ಮುರುಕಲಾ? ಯಾವಾಗ್ಲೋ ಒಡೆದು ಒಲೆಗೆ ಹಾಕಿದ್ರು ಯಜಮಾನ್ರು."

ಮೇಜಿನ ಮೇಲಿಂದ ಗುಂಡಿಯೊಂದು ಉರುಳಿ ನೆಲಕ್ಕೆ ಬಿತ್ತು. ಇನ್ಸ್‌ಪೆಕ್ಟರಮ್ಮ ಬಗ್ಗಿ ಎತ್ತಿಕೊಂಡು, ಏಳುವಾಗ ಆಸರೆಗೆಂದು ಮೇಜಿನ ಅಂಚನ್ನು ಹಿಡಿದಳು. ಗುಂಡಿಯನ್ನು ಅಕ್ಕನಿಗೆ ಕೊಡಲು ಹೋದವಳು ತನ್ನ ಕೈಯನ್ನೇ ನೋಡುತ್ತಾ ನಿಂತಳು.

ಬೆರಳುಗಳು ಕಪ್ಪಾಗಿದ್ದವು.

ಲಾಂಡ್ರಿಯಲ್ಲಿ ಯಾವುದೂ ಕಪ್ಪಾಗುವಂತಿಲ್ಲ. ಅಲ್ಲಿ ಮೇಜು ಒರೆಸದೆ ಯಾರೂ ಬಟ್ಟೆ ಹಾಸುವುದಿಲ್ಲ.

ಅವಳು ಮೇಜಿನ ಮೇಲಿನ ಅಂಗಿಗಳನ್ನು ಪಕ್ಕಕ್ಕೆ ಸರಿಸಿದಳು. ಬಿಳಿ ಬಟ್ಟೆಯನ್ನೂ ಅದರ ಕೆಳಗಿನ ಕಂಬಳಿಯನ್ನೂ ಸೇರಿಸಿ ಎತ್ತಿದಳು. ಮೇಜು ಎಂದರೆ ಕವಲುಗಾಲಿನ ಎರಡು ಮರದ ಸ್ಟ್ಯಾಂಡುಗಳ, ಅಂದರೆ ಕುದುರೆಕಾಲುಗಳ ಮೇಲೆ ಮಲಗಿಸಿದ ಒಂದು ಉದ್ದನೆಯ ಹಲಗೆ. ಹಲಗೆಯ ಪಕ್ಕದಲ್ಲಿ ಎರಡು ಕಬ್ಬಿಣದ ಕೀಲು. ಟಾರ್ಚು ಹಿಡಿದು ಅಡಿಗೆ ಇಣುಕಿದಳು. ಅಡಿಭಾಗವೆಲ್ಲ ಮಸಿ.

"ಇದು ಬಾಗಿಲು," ಎಂದಳು. ತನ್ನ ದನಿ ತನಗೇ ಬೇರೆ ಯಾರದೋ ಎನ್ನಿಸಿತು. "ದಿನಾ ನೀನು ಇಸ್ತ್ರಿ ಮಾಡೋದು ಇದರ ಮೇಲೇ."

ಅಕ್ಕ ಪಕ್ಕಕ್ಕೆ ಸರಿಸಿದ ಅಂಗಿಗಳನ್ನು ಮತ್ತೆ ಜೋಡಿಸತೊಡಗಿದಳು.

"ಆ ಸಾಯಂಕಾಲ ನೀನು ಹೊರಟಾಗ ಇದು ಇಲ್ಲೇ ಇತ್ತಾ?"

"ಇತ್ತು."

"ಬೆಳಿಗ್ಗೆ ಬಂದಾಗ?"

ಅಕ್ಕ ಇನ್ನೊಂದು ಅಂಗಿಯನ್ನು ಕೈಗೆತ್ತಿಕೊಂಡಳು.

"ಅಕ್ಕ, ನಾನು ಕೇಳ್ತಿರೋದು ಇನ್ಸ್‌ಪೆಕ್ಟರಾಗಿ."

"ಹಾಗಾದ್ರೆ ನಿನ್ನ ದಫೇದಾರನ್ನ ಕರೆದು ಬರ್ಕೊಳ್ಳೋಕೆ ಹೇಳು," ಎಂದಳು ಅಕ್ಕ. ಕೋಪದಿಂದ ಶುರುವಾದ ಮಾತು ಅಳುವಿನಲ್ಲಿ ಮುಗಿಯಿತು. "ಬೆಳಿಗ್ಗೆ ಬಂದಾಗ ಈ ಕುದುರೆಕಾಲು ಖಾಲಿ ನಿಂತಿದ್ವು. ಕಂಬಳಿ ನೆಲದ ಮೇಲಿತ್ತು. ಒಳಗೆ ಬರ್ತಿದ್ದ ಹಾಗೆ ತಲೆ ಸಿಡೀತಾ ಇತ್ತು. ಹಜಾರಕ್ಕೆ ಹೋದೆ. ಫರ್ನೇಸ್ ಕೋಣೆಗೆ ಈ ಬಾಗಿಲು ಹಾಕಿತ್ತು, ಪಟ್ಟಿ ಬಾಗಿಲನ್ನ ಗೋಡೆಗೆ ಒರಗಿಸಿದ್ರು. ಮೆಕ್ಯಾನಿಕ್ ಹೆಂಡ್ತಿ ಕಣೇ ನಾನು. ನೋಡಿದ ತಕ್ಷಣ ಗೊತ್ತಾಯ್ತು."

"ಏನು ಗೊತ್ತಾಯ್ತು?"

"ನಿಮ್ಮ ಭಾವನೇ ಮಾಡಿದಾರೆ ಅಂತ. ಆ ಪಟ್ಟಿ ಬ್ಯಾಡ ಮಾರಾಯ, ಸದ್ದು ತಡೆಯೋಕಾಗಲ್ಲ, ರಾತ್ರಿ ನಿದ್ದೆ ಬರಲ್ಲ ಅಂತ ಯಜಮಾನ್ರು ಒಂದೇ ಸಮ ಗೋಳು ಹೊಯ್ಕೊಳ್ತಿದ್ರು. ಇವರದು ಮೊದಲೇ ಮೆತ್ತನೆ ಮನಸ್ಸು. ಒಂದು ರಾತ್ರಿಗೆ ತಾನೆ ಅಂತ ಹಾಕಿ ಕೊಟ್ಟಿರ್ತಾರೆ ಅನ್ಕೊಂಡೆ. ಇಲ್ಲಿ ರಾತ್ರಿಯೆಲ್ಲ ಕೆಲಸ ಇದೆ ಅಂತ ಅವರೇ ಫೋನ್ ಮಾಡಿದ್ರಲ್ಲ!"

ಇನ್ಸ್‌ಪೆಕ್ಟರಮ್ಮನಿಗೆ ಭಾವ ಆಸ್ಪತ್ರೆಯಿಂದ ಮಾಡಿದ ಫೋನು ನೆನಪಾಯಿತು. ಹೆಂಡತಿ ಗಾಬರಿಯಾಗದಿರಲಿ ಎಂದು ಹೇಳಿದ ಒಂದು ಸುಳ್ಳು!

"ಆಮೇಲೆ?"

"ಕಿಟಕಿಯೆಲ್ಲ ತೆಗೆದೆ. ಗ್ಯಾಸ್ ನಿಲ್ಲಿಸಿದೆ. ಬಾಗಿಲು ಕಳಚಿ ಇಲ್ಲಿಗೆ ತಂದು ಹಾಕಿದೆ. ಹಿಡಿಗಿಡಿಯೆಲ್ಲ ಒರೆಸಿದೆ. ಅಡಿ ಒರೆಸೋಕೆ ಹೊತ್ತಾಗ್ಲಿಲ್ಲ, ಆಮೇಲೆ ನಿಮ್ಮೋರು ಇಲ್ಲೇ ಕಾವಲು ನಿಂತ್ರು. ಪಟ್ಟಿ ಬಾಗಿಲು ಅಲ್ಲಿ ಸಿಕ್ಕಿಸಿದೆ. ಆಮೇಲೆ ಕೂಗಿದೆ."

ಒರೆಸಿದೆ ಎಂದಳು. ಅಂದರೆ ಕೊಂದವನ ಬೆರಳಚ್ಚು ಹೋಯಿತು. ಇನ್ಸ್‌ಪೆಕ್ಟರಮ್ಮ ಅದನ್ನು ನುಂಗಿಕೊಂಡಳು. ಅದಕ್ಕಿಂತ ದೊಡ್ಡ ಪ್ರಶ್ನೆಯೊಂದು ಉಳಿದಿತ್ತು. ಕೇಳಬಾರದು ಎಂದು ಅವಳೊಳಗಿನ ತಂಗಿ ಹೇಳುತ್ತಿದ್ದಳು. ಪೊಲೀಸಿನವಳು ಕೇಳಿಬಿಟ್ಟಳು.

"ಇದನ್ನೆಲ್ಲ ಮಾಡೋಕೆ ಮುಂಚೆ ಯಜಮಾನರ ಕೋಣೆಗೆ ಹೋಗಿದ್ದೆಯಾ?"

ಅಕ್ಕ ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಹೋಗಿದ್ದೆ."

"ಆಗ ಅವರು ಹೇಗಿದ್ರು?"

"ಉಸಿರಾಡ್ತಾ ಇದ್ರು."

ಹೊರಗೆ ಬೀದಿಯಲ್ಲಿ ಯಾವುದೋ ವಾಹನ ಬಂದು ನಿಂತ ಸದ್ದಾಯಿತು. ಇಬ್ಬರೂ ಅತ್ತ ನೋಡಲಿಲ್ಲ.

"ನನ್ನ ಸೆರಗು ಹಿಡ್ಕೊಂಡ್ರು ಕಣೇ. ಬಿಡಿಸ್ಕೊಂಡೆ. ಕಿಟಕಿ ತೆಗೆದಿದೀನಲ್ಲ, ಗಾಳಿ ಬರ್ತಿದೆಯಲ್ಲ, ಒಂದು ಗಳಿಗೆ ತಡ್ಕೊಳ್ತಾರೆ, ಬಾಗಿಲೊಂದು ಇಟ್ಟು ಬಂದ್ಬಿಡೋಣ, ಆಮೇಲೆ ಕೂಗೋಣ ಅನ್ಕೊಂಡೆ. ಮನೆ ಉಳೀಲಿ ಅಂತ, ಇವರು ಜೈಲಿಗೆ ಹೋಗದಿರ್ಲಿ ಅಂತ. ವಾಪಸ್ ಹೋಗೋಷ್ಟರಲ್ಲಿ ಕೈ ತಣ್ಣಗಾಗಿತ್ತು."

ದಫೇದಾರ ಬಾಗಿಲಲ್ಲಿ ತಲೆ ಹಾಕಿದ. "ಮೇಡಂ, ಹೊಸ ಅಧಿಕಾರಿ ಇವತ್ತೇ ಬಂದ್ಬಿಟ್ರು. ಹೊರಗೆ ಜೀಪಿಂದ ಇಳೀತಿದಾರೆ. ಯಜಮಾನರ ತಮ್ಮನೂ ಜೊತೆಗಿದಾನೆ, ಅವನೇ ಒಳಗೆ ಕರ್ಕೊಂಡು ಬರ್ತಿದಾನೆ."

ಎತ್ತಿದ ಕಂಬಳಿ ಇನ್ನೂ ಇನ್ಸ್‌ಪೆಕ್ಟರಮ್ಮನ ಕೈಯಲ್ಲೇ ಇತ್ತು. ಅದನ್ನು ಎಳೆದು ಮುಚ್ಚಿದರೆ ಭಾವ ನಾಳೆ ಕೋರ್ಟಿಗೆ. ಮುಚ್ಚದಿದ್ದರೆ ಇವತ್ತೇ ಅಕ್ಕ ಲಾಕಪ್ಪಿಗೆ. ಅವಳು ಮುಚ್ಚಲಿಲ್ಲ, ಬಿಡಲೂ ಇಲ್ಲ. ಹಜಾರದಲ್ಲಿ ಬೂಟಿನ ಸದ್ದು ಹತ್ತಿರವಾಯಿತು.

ಅಕ್ಕ ಅವಳ ಮಸಿಯಾದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನನ್ನನ್ನ ಏನು ಬೇಕಾದ್ರೂ ಮಾಡು ಪುಟ್ಟಿ, ನಾನು ಬೇಡ ಅನ್ನಲ್ಲ. ಆದ್ರೆ ಒಂದು ಹೇಳ್ಬಿಡು. ಆ ಬಾಗಿಲು ಹಾಕಿದ್ದು ನಿಮ್ಮ ಭಾವನೇ ತಾನೆ? ನಾನು ಯಜಮಾನ್ರನ್ನ ಹಾಗೆ ಬಿಟ್ಟು ಬಂದಿದ್ದು ಸುಮ್ಸುಮ್ನೆ ಅಲ್ಲ ತಾನೆ? ಹೌದು ಅನ್ನೇ. ಒಂದ್ಸಲ ಹೌದು ಅನ್ನೇ."